ಕರು ಬೇಡ, ಕುರಿಮರಿ ಅನ್ನಿ: ಕನ್ನಡ ಬೈಬಲ್‌ನ ಹಳೇ ಜಗಳ

ಇವತ್ತಿನ ಸಂಚಿಕೆ ಎರಡು ಪದಗಳ ಬಗ್ಗೆ. ಒಂದು ಕರು, ಇನ್ನೊಂದು ಸ್ನಾನ.

ನಂಜನಗೂಡಿನ ಶ್ರೀಕಂಠೇಶ್ವರನ ಗುಡಿಗೆ ಹೋದವರಿಗೆ ಅಲ್ಲಿನ ಬಸವಣ್ಣ ಗೊತ್ತಿರುತ್ತೆ. ಆ ಗುಡಿಯಿಂದ ಕೈಮುಗಿದು ಬಂದವರಿಗೆ ಈ ಕತೆ ಹೇಳ್ತಿದ್ದೀರಿ ಅಂದ್ಕೊಳ್ಳಿ. ಒಬ್ಬ ಅಪ್ಪ, ಇಬ್ಬರು ಗಂಡುಮಕ್ಕಳು. ಚಿಕ್ಕವನು ಆಸ್ತಿಯಲ್ಲಿ ಪಾಲು ಇಸ್ಕೊಂಡು ದೂರದ ದೇಶಕ್ಕೆ ಹೋಗಿ ಎಲ್ಲಾ ಕಳೀತಾನೆ. ಹಂದಿ ಮೇಯಿಸೋ ಸ್ಥಿತಿಗೆ ಬಂದು, ತಲೆ ತಗ್ಗಿಸ್ಕೊಂಡು ವಾಪಸ್ ಬರ್ತಾನೆ. ಅಪ್ಪ ಓಡಿಬಂದು ತಬ್ಕೋತಾನೆ. ಇಲ್ಲಿವರೆಗೆ ಕೇಳೋರ ಕಣ್ಣಲ್ಲಿ ನೀರು. ಆಮೇಲೆ ಆ ಅಪ್ಪ, ಕೊಬ್ಬಿಸಿದ ಕರುವನ್ನ ಕೊಯ್ದು ಹಬ್ಬದೂಟ ಮಾಡಿ ಅಂತಾನೆ. ಅಲ್ಲಿಗೆ ಕೇಳೋರ ಮುಖವೇ ಬದಲಾಗುತ್ತೆ.

ಇದು ಬೈಬಲ್‌ನಲ್ಲಿ ಲೂಕನ ಪುಸ್ತಕದ 15ನೇ ಅಧ್ಯಾಯದ ಕತೆ. ಇದನ್ನು ಹೇಳಿ ಪೇಚಿಗೆ ಸಿಕ್ಕಿಕೊಂಡವರು ಅಬ್ಬೆ ದುಬುವಾ. ಫ್ರಾನ್ಸ್‌ನ ಕ್ಯಾಥೊಲಿಕ್ ಪಾದ್ರಿ. 1799ರಲ್ಲಿ ಟಿಪ್ಪು ಸತ್ತ ಮೇಲೆ ಶ್ರೀರಂಗಪಟ್ಟಣಕ್ಕೆ ಬಂದು, ಮೈಸೂರು ಸೀಮೆಯಲ್ಲೇ ವರ್ಷಗಟ್ಟಲೆ ಇದ್ದರು. ನಮ್ಮವರ ಹಾಗೇ ಬಟ್ಟೆ ಹಾಕೋರು, ನಮ್ಮವರ ರೀತಿನೀತಿಯಲ್ಲೇ ಬದುಕೋರು. ಒಂದು ಸಲ ಈ ಕತೆ ಹೇಳುವಾಗ ಮೈಮರೆತು ಕರುವಿನ ವಿಷಯಾನೂ ಹೇಳಿಬಿಟ್ಟರಂತೆ. ಪ್ರವಚನ ಮುಗಿದ ಮೇಲೆ ಅವರದೇ ಸಭೆಯ ಕ್ರೈಸ್ತರು ಬಂದು ಸಿಡುಕಿದರು. ಬೇರೆ ಧರ್ಮದವರು ಇದನ್ನ ಕೇಳಿದ್ರೆ ನಮ್ಮದು ಕೀಳುಜಾತಿಯವರ ಧರ್ಮ ಅಂದ್ಕೊಳ್ತಾರೆ, ಇನ್ಮೇಲೆ ಕರು ಬಿಟ್ಟು ಕುರಿಮರಿ ಅನ್ನಿ ಅಂದರು.

1823ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಪುಸ್ತಕದಲ್ಲಿ ದುಬುವಾ ಇದನ್ನ ಬರೆದಿದ್ದಾರೆ. ಅವರ ವಾದ ಇಷ್ಟು: ಬೈಬಲ್ಲನ್ನು ಇದ್ದದ್ದು ಇದ್ದ ಹಾಗೆ ಅನುವಾದ ಮಾಡಿ ಹಂಚಿದರೆ ಇಲ್ಲಿನವರಿಗೆ ಅಸಹ್ಯ ಹುಟ್ಟುತ್ತೆ ಅಷ್ಟೇ. ಮರುವರ್ಷವೇ ಜೇಮ್ಸ್ ಹಫ್, ಹೆನ್ರಿ ಟೌನ್ಲೆ ಅನ್ನೋ ಇಬ್ಬರು ಪ್ರಾಟೆಸ್ಟಂಟರು ಪುಸ್ತಕ ಬರೆದು ತಿರುಗೇಟು ಕೊಟ್ಟರು. ಈ ಕಡೆ ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ವಿಲಿಯಂ ರೀವ್ ಕೆಲಸ ಮುಂದುವರಿಸಿದರು. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡಕ್ಕೆ ಬಂತು. ಆಮೇಲೆ ಅದನ್ನ ತಿದ್ದಿದವರಲ್ಲಿ ಬೆಂಗಳೂರಿನ ಬೆಂಜಮಿನ್ ರೈಸ್ ಒಬ್ಬರು. ನಂಜನಗೂಡು, ತಿ. ನರಸೀಪುರದ ಶಾಸನಗಳನ್ನ ಎಪಿಗ್ರಾಫಿಯಾ ಕರ್ನಾಟಿಕದಲ್ಲಿ ಅಚ್ಚು ಹಾಕಿಸಿದ ಬಿ.ಎಲ್. ರೈಸ್ ಇವರ ಮಗ.

ಸರಿ, ದುಬುವಾಗೆ ಸಿಕ್ಕ ಸಲಹೆ ಒಳ್ಳೇದಾ? ಮೊದಲು ನನಗೂ ಹೌದು ಅನ್ನಿಸ್ತು. ಕೇಳೋರ ಮನಸ್ಸು ನೋಯಿಸಬಾರದು, ಅಲ್ವಾ? ಆದರೆ ಕತೆ ಅಲ್ಲಿಗೆ ಮುಗಿಯಲ್ಲ. ಹೊಲದಿಂದ ಬಂದ ದೊಡ್ಡ ಮಗ ಮನೆಯೊಳಗೇ ಬರಲ್ಲ. ಇಷ್ಟು ವರ್ಷ ದುಡಿದೆ, ನನ್ನ ಸ್ನೇಹಿತರ ಜೊತೆ ಊಟಕ್ಕೆ ಒಂದು ಆಡಿನ ಮರೀನೂ ನೀನು ಕೊಟ್ಟಿಲ್ಲ, ಅವನಿಗೆ ಕರು ಕಡಿದೆ ಅಂತ ಅಪ್ಪನ ಮೇಲೆ ರೇಗ್ತಾನೆ. ನಾನು ಬಿಕಾಂ ಓದಿದ್ದು, ನನಗೆ ಇದು ಲೆಡ್ಜರ್ ಥರಾನೇ ಕಾಣುತ್ತೆ: ಒಂದು ಕಡೆ ಕರು, ಇನ್ನೊಂದು ಕಡೆ ಆಡಿನ ಮರಿಯೂ ಇಲ್ಲ. ಕರು ತೆಗೆದು ಕುರಿಮರಿ ಹಾಕಿ. ಕುರಿಮರಿಗೂ ಆಡಿನ ಮರಿಗೂ ಎಷ್ಟು ವ್ಯತ್ಯಾಸ? ಅಣ್ಣನ ಸಂಕಟ ಅರ್ಧಕ್ಕರ್ಧ ಕರಗಿಹೋಗುತ್ತೆ.

ಇನ್ನೊಂದು ಮಾತು. ಕರುವಿನ ಮಾತಿಗೆ ಮುಜುಗರ ಪಟ್ಟವರು ಯಾರು? ಕೀಳುಜಾತಿ ಅನ್ನಿಸ್ಕೊಳ್ಳೋ ಭಯ ಇದ್ದವರು. ಇದೇ ಸೀಮೆಯ ದಲಿತ ಕೇರಿಗಳಲ್ಲಿ ಆ ಊಟ ಯಾರನ್ನೂ ಬೆಚ್ಚಿಬೀಳಿಸ್ತಿರಲಿಲ್ಲ. ಅಂದರೆ ಕುರಿಮರಿ ಅನ್ನಿ ಅಂದಾಗ, ನಮ್ಮ ಕೇಳುಗರು ಇವರು, ಅವರಲ್ಲ ಅಂತ ಸದ್ದಿಲ್ಲದೆ ತೀರ್ಮಾನ ಆಗಿಹೋಗಿತ್ತು. ನಂಜನಗೂಡು ತಾಲ್ಲೂಕಿನ ದೇವನೂರ ಮಹಾದೇವ ಈ ಸೀಮೆಯ ಆಡುಮಾತಿನಲ್ಲೇ ‘ಕುಸುಮಬಾಲೆ’ ಬರೆದಾಗ ಬೇರೆ ಕಡೆಯ ಕನ್ನಡಿಗರು ತಡವರಿಸಿ ಓದಿದರು. ಕನ್ನಡ ಒಂದೇ ಅಂತೀವಿ, ಯಾರ ಕನ್ನಡ ಅನ್ನೋ ಪ್ರಶ್ನೆ ಮಾತ್ರ ಎಲ್ಲೂ ಹೋಗಲ್ಲ. ಕನ್ನಡ ಬೈಬಲ್‌ನಲ್ಲಿ ಇವತ್ತಿಗೂ ಕರು ಕರುವಾಗೇ ಇದೆ. ಅದು ಸರಿ ಅಂತ ನನ್ನ ಅಭಿಪ್ರಾಯ.

ಹಾಗಂತ ಅನುವಾದಕರು ನಮ್ಮ ನೆಲದ ಪದಗಳನ್ನ ಬೇಡ ಅಂದರಾ? ಇಲ್ಲ. ಎರಡನೇ ಪದಕ್ಕೆ ಬನ್ನಿ. ನಂಜನಗೂಡಿನಿಂದ ಕಪಿಲೆ ಜೊತೆ ಕೆಳಗೆ ಹೋದರೆ ತಿ. ನರಸೀಪುರದ ಸಂಗಮ, ಅಲ್ಲಿ ಕಾವೇರಿ ಸೇರ್ತಾಳೆ. 1989ರಿಂದ ಮೂರು ವರ್ಷಕ್ಕೊಮ್ಮೆ ಅಲ್ಲಿ ಕುಂಭಮೇಳ. ಜನ ಸ್ನಾನಕ್ಕೇ ಬರ್ತಾರೆ.

ಬ್ಯಾಪ್ಟಿಸಂಗೆ ಮೂಲದಲ್ಲಿರೋ ಗ್ರೀಕ್ ಪದಕ್ಕೆ ಅದ್ದೋದು, ಮುಳುಗಿಸೋದು ಅಂತ ಅರ್ಥ. ಪೂರ್ತಿ ಮುಳುಗಲೇಬೇಕು ಅಂತ ಬ್ಯಾಪ್ಟಿಸ್ಟರು, ನೀರು ಚಿಮುಕಿಸಿದರೂ ಸಾಕು ಅಂತ ಉಳಿದ ಹಲವರು. ಬಂಗಾಳಿ ಅನುವಾದದಲ್ಲಿ ಮುಳುಗೋ ಅರ್ಥದ ಪದ ಹಾಕಿದ್ದಕ್ಕೆ 1830ರ ದಶಕದಲ್ಲಿ ಬ್ರಿಟಿಷ್ ಬೈಬಲ್ ಸೊಸೈಟಿ ಸಹಾಯ ಕೊಡಲ್ಲ ಅಂತು. ಬ್ಯಾಪ್ಟಿಸ್ಟರು 1840ರಲ್ಲಿ ತಮ್ಮದೇ ಬೇರೆ ಸೊಸೈಟಿ ಕಟ್ಟಿದರು. ಒಂದು ಪದಕ್ಕೆ!

ಕನ್ನಡದಲ್ಲಿ ನಿಂತ ಪದ ದೀಕ್ಷಾಸ್ನಾನ. ಚೊಂಬಲ್ಲಿ ಹುಯ್ಕೊಂಡರೂ ಸ್ನಾನ, ಹೊಳೇಲಿ ಮುಳುಗಿದರೂ ಸ್ನಾನ. ನೀರೆಷ್ಟು ಅನ್ನೋ ಜಗಳಕ್ಕೇ ಜಾಗ ಇಲ್ಲ. ಆದರೆ ಸಂಗಮದ ಸ್ನಾನ ಮತ್ತೆ ಮತ್ತೆ ಮಾಡಬಹುದು, ಇದು ಹಾಗಲ್ಲ, ಬದುಕಲ್ಲಿ ಒಂದೇ ಸಲ. ಅದಕ್ಕೇ ಮುಂದೆ ‘ದೀಕ್ಷಾ’ ಬೇಕು. ಸುತ್ತೂರು ಮಠ ಇರೋ ತಾಲ್ಲೂಕಿನ ಜನಕ್ಕೆ ದೀಕ್ಷೆ ಅಂದರೇನು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಒಂದು ಕಡೆ ನಮಗೆ ಇರಿಸುಮುರಿಸು ಆದರೂ ಮೂಲವನ್ನೇ ಉಳಿಸಿದರು, ಇನ್ನೊಂದು ಕಡೆ ನಮ್ಮ ಪದಕ್ಕೇ ಹೊಸ ಕೆಲಸ ಕೊಟ್ಟರು. ಪದ ಬದಲಾಯಿಸಿದರೆ ಕತೆಯಲ್ಲಿ ಏನು ಕಳ್ಕೊಳ್ತೀವಿ ಅಂತ ಮೊದಲು ಕೇಳ್ಕೊಬೇಕು, ಅಷ್ಟೇ. ನಿಮ್ಮ ಮನೆಮಾತಲ್ಲಿ ಆ ದೊಡ್ಡ ಮಗನ ಸಿಟ್ಟನ್ನ ಹೇಗೆ ಹೇಳ್ತೀರಿ? ಒಂದು ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ.