ಸಂತ ಫಿಲೋಮಿನಾ
ಫಿಲೋಮಿನಾ: ಆದಿ ಕ್ರೈಸ್ತಯುಗದ ರಕ್ತಸಾಕ್ಷಿಯೆಂದು ಕ್ಯಾಥೊಲಿಕರು ಗೌರವಿಸುವ ಬಾಲೆ, ಮೈಸೂರಿನ ಪ್ರಸಿದ್ಧ ಚರ್ಚಿನ ಪಾಲಕ ಸಂತೆ. ಹಬ್ಬ ಆಗಸ್ಟ್ 11.

1802ರ ಮೇ ತಿಂಗಳಲ್ಲಿ ರೋಮಿನ ಪ್ರಿಸಿಲ್ಲಾ ನೆಲಗೋರಿಗಳಲ್ಲಿ ಈಕೆಯದೆನ್ನಲಾದ ಸಮಾಧಿ ಸಿಕ್ಕಿತು. ಅದನ್ನು ಮುಚ್ಚಿದ್ದ ಮೂರು ಸುಟ್ಟಮಣ್ಣಿನ ಹಲಗೆಗಳ ಮೇಲೆ 'ಲುಮೆನಾ', 'ಪಾಕ್ಸ್ ತೆ', 'ಕುಮ್ ಫಿ' ಎಂಬ ಲ್ಯಾಟಿನ್ ಅಕ್ಷರಗಳಿದ್ದವು. ಮೊದಲ ಹಲಗೆಯನ್ನು ಕೊನೆಗಿಟ್ಟು ಓದಿದಾಗ 'ಶಾಂತಿ ನಿನ್ನೊಂದಿಗಿರಲಿ, ಫಿಲುಮೆನಾ' ಎಂಬ ಅರ್ಥ ಹೊರಟಿತು. ಬರಹದ ಜೊತೆಗೆ ಲಂಗರು, ಬಾಣಗಳ ಚಿತ್ರ. ಒಳಗೆ ಹದಿಹರೆಯದ ಹುಡುಗಿಯ ಅಸ್ಥಿ, ಒಂದು ಗಾಜಿನ ಕುಪ್ಪಿ.

ಅಸ್ಥಿಯನ್ನು 1805ರಲ್ಲಿ ನೇಪಲ್ಸ್ ಬಳಿಯ ಮುನ್ಯಾನೊ ಊರಿಗೆ ಒಯ್ಯಲಾಯಿತು. ಗ್ರೀಕ್ ರಾಜಕುಮಾರಿ, ಚಕ್ರವರ್ತಿ ಡಯೊಕ್ಲೀಷಿಯನ್ನನ ವಿವಾಹ ಪ್ರಸ್ತಾಪವನ್ನು ತಿರಸ್ಕರಿಸಿ ಪ್ರಾಣ ತೆತ್ತವಳು ಎಂಬ ಜೀವನಕಥೆ 19ನೆಯ ಶತಮಾನದ ಸನ್ಯಾಸಿನಿಯೊಬ್ಬಳ ದರ್ಶನಗಳಿಂದ ಬಂದದ್ದು. ಇದಕ್ಕೆ ಚಾರಿತ್ರಿಕ ದಾಖಲೆಯಿಲ್ಲ. ಫ್ರಾನ್ಸಿನ ಆರ್ಸ್ ಗ್ರಾಮದ ಪಾದ್ರಿ ಸಂತ ಜಾನ್ ವಿಯಾನ್ನಿಯ ಭಕ್ತಿಯಿಂದ ಈಕೆಯ ಹೆಸರು ದೂರದೂರ ಹಬ್ಬಿತು. 1837ರಲ್ಲಿ ಪೋಪ್ 16ನೆಯ ಗ್ರೆಗರಿ ಸಾರ್ವಜನಿಕ ಆರಾಧನೆಗೆ ಒಪ್ಪಿಗೆಯಿತ್ತರು. 1961ರಲ್ಲಿ ಹಬ್ಬವನ್ನು ಪೂಜಾ ಪಂಚಾಂಗಗಳಿಂದ ಕೈಬಿಡಲಾಯಿತಾದರೂ ಜನರ ಭಕ್ತಿ ಮುಂದುವರಿದಿದೆ.

ಮೈಸೂರಿನ ಈಗಿನ ಚರ್ಚಿಗೆ ನಾಲ್ವಡಿ ಕೃಷ್ಣರಾಜ ಒಡೆಯರು 1933ರ ಅಕ್ಟೋಬರ್ 28ರಂದು ಅಡಿಗಲ್ಲು ಹಾಕಿದರು. ನವಗಾಥಿಕ್ ಶೈಲಿ, 175 ಅಡಿ ಎತ್ತರದ ಜೋಡಿ ಗೋಪುರಗಳು, ಬಣ್ಣದ ಗಾಜಿನ ಕಿಟಕಿಗಳು. ನೆಲಮಾಳಿಗೆಯಲ್ಲಿ ಸಂತೆಯ ಒರಗಿದ ಪ್ರತಿಮೆಯಿದ್ದು, ಬೇರೆ ಧರ್ಮದವರೂ ಇಲ್ಲಿಗೆ ಬರುತ್ತಾರೆ. ಮೈಸೂರು, ಪುತ್ತೂರುಗಳ ಕಾಲೇಜುಗಳಿಗೂ ಈಕೆಯದೇ ಹೆಸರು.