ಹೊಳೆಬದಿಯ ನಿವೃತ್ತಿ, ಪೆಟ್ಟಿಗೆಯ ದಸ್ತಾವೇಜು

ಕಾಸರಗೋಡಿನಂಥ ಹೊಳೆಬದಿಯ ಸಣ್ಣ ಪಟ್ಟಣಕ್ಕೆ ನಿವೃತ್ತರಾಗಿ ಬಂದು ನೆಲೆಸುವುದು ಹಳೆಯ ಪದ್ಧತಿಯೇನಲ್ಲ. ನಮ್ಮ ಹಿರಿಯರಿಗೆ ನಿವೃತ್ತಿಯೆಂಬ ಮಾತೇ ಇರಲಿಲ್ಲ. ಕಾಲಿನಲ್ಲಿ ಕಸುವಿರುವವರೆಗೆ ತೋಟ, ಅನಂತರ ಚಾವಡಿ ಮತ್ತು ಎಲೆಯಡಿಕೆಯ ಹರಿವಾಣ. ಪಿಂಚಣಿ ಬಂದದ್ದು ನೌಕರಿಯೊಡನೆ. ನೌಕರಿ ಅನೇಕರಿಗೆ ಊರು ಬಿಡಿಸಿತು. ಮುಂಬಯಿಯಲ್ಲಿ ಮೂವತ್ತು ವರ್ಷ ಲೆಕ್ಕ ಬರೆದು, ಥಂಡಿ ತಡೆಯದ ವಯಸ್ಸಿನಲ್ಲಿ ಈ ಬೆಚ್ಚನೆಯ ಊರಿಗೆ ಮರಳಿದವರಲ್ಲಿ ನಾನೂ ಒಬ್ಬ. ನಮಗೀಗ ಬೇಕಾದಷ್ಟು ಹೊತ್ತಿದೆ. ಈ ಹೊತ್ತನ್ನು ಏನು ಮಾಡಬೇಕೆಂಬುದಕ್ಕೆ ಊರಿನ ಇತಿಹಾಸವೇ ಉತ್ತರ ಕೊಡುತ್ತದೆ ಎಂಬುದು ನನ್ನ ಎಣಿಕೆ.

ಕೊಡಗಿನ ಬೆಟ್ಟಗಳಲ್ಲಿ ಹುಟ್ಟುವ ಪಯಸ್ವಿನಿ ಸುಳ್ಯದ ಮೂಲಕ ಹರಿದು, ಇಲ್ಲಿ ಚಂದ್ರಗಿರಿ ಹೊಳೆಯೆನಿಸಿ ಕಡಲು ಸೇರುತ್ತದೆ. ತೆಂಕಣ ದಡದ ಕೋಟೆಯನ್ನು ಕಟ್ಟಿಸಿದವನು 17ನೆಯ ಶತಮಾನದ ಕೆಳದಿಯ ಶಿವಪ್ಪ ನಾಯಕನೆಂದು ಹೇಳುತ್ತಾರೆ. ತುಳುನಾಡಿಗೂ ಮಲೆಯಾಳಕ್ಕೂ ಈ ಹೊಳೆಯೇ ಎಲ್ಲೆಯೆಂಬುದು ಹಿಂದಿನ ರೂಢಿ. ನಾಯರ್ ಮನೆತನದ ಹೆಂಗಸರು ಇದನ್ನು ದಾಟಿ ಬಡಗಣಕ್ಕೆ ಹೋಗಬಾರದೆಂಬ ಕಟ್ಟಳೆಯೂ ಇತ್ತು. 1801ರಲ್ಲಿ ಈ ದಾರಿಯಾಗಿ ಹೋದ ಫ್ರಾನ್ಸಿಸ್ ಬುಕಾನನ್ ಕೂಡ ಹೊಳೆಯನ್ನು ಎಲ್ಲೆಯೆಂದೇ ಗುರುತಿಸಿದ್ದಾನೆ. ಆದರೂ ದೋಣಿಗಳು ಎರಡೂ ದಡ ಮುಟ್ಟುತ್ತಿದ್ದವು. ಸಂತೆಗೆ ಬಂದವರು ತುಳು, ಕನ್ನಡ, ಮಲಯಾಳ, ಕೊಂಕಣಿ ಎಲ್ಲವನ್ನೂ ಆಡುತ್ತಿದ್ದರು.

1799ರಲ್ಲಿ ಟಿಪ್ಪು ಮಡಿದ ಮೇಲೆ ಕೆನರಾ ಸೀಮೆ ಕಂಪೆನಿಯ ವಶವಾಯಿತು. ಥಾಮಸ್ ಮನ್ರೋ ಮೊದಲ ಕಲೆಕ್ಟರನಾದ. 1862ರಲ್ಲಿ ಉತ್ತರ ಕೆನರಾ ಮುಂಬಯಿ ಪ್ರಾಂತ್ಯಕ್ಕೆ ಹೋಯಿತು. ದಕ್ಷಿಣ ಕೆನರಾ ಮದರಾಸಿನಲ್ಲೇ ಉಳಿಯಿತು, ಕಾಸರಗೋಡೂ ಅದರೊಡನೆ ಉಳಿಯಿತು. ಈ ಜಿಲ್ಲೆಯ ಕಂದಾಯ ಕಚೇರಿಯ ಬರವಣಿಗೆ ಕನ್ನಡ. ಒಡೆಯನಿಗೆ ಗೊತ್ತಾದ ಗೇಣಿ ಕೊಟ್ಟು ತಲೆತಲಾಂತರ ಭೂಮಿ ಅನುಭವಿಸುವ ಮೂಲಗೇಣಿ, ಒಡೆಯನ ಇಚ್ಛೆಯ ಮೇಲೆ ನಿಂತ ಚಾಲಗೇಣಿ, ಅಳಿಯಸಂತಾನದ ಮನೆಗಳ ಪಾಲುಪಟ್ಟಿ, ಇವೆಲ್ಲ ಕನ್ನಡದಲ್ಲಿ ಕಾಗದಕ್ಕಿಳಿದವು. 1949ರ ಮದರಾಸು ಅಳಿಯಸಂತಾನ ಕಾಯಿದೆ ಕವರುಗಳಿಗೆ ಪಾಲು ಕೇಳುವ ಹಕ್ಕು ಕೊಟ್ಟ ಮೇಲೆ ಇಂಥ ಕಾಗದಗಳು ಇನ್ನೂ ಹೆಚ್ಚಿದವು.

1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. 1966ರಲ್ಲಿ ನೇಮಕವಾದ ಮಹಾಜನ ಆಯೋಗ ಮರುವರ್ಷ ವರದಿಯೊಪ್ಪಿಸಿ, ಚಂದ್ರಗಿರಿಯ ಬಡಗಣ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದಿತು. ಅದು ಜಾರಿಗೆ ಬರಲಿಲ್ಲ. 1969ರ ಕೇರಳ ಅಧಿಕೃತ ಭಾಷಾ ಕಾಯಿದೆ ಕನ್ನಡ ಅಲ್ಪಸಂಖ್ಯಾತರಿಗೆ ಸರ್ಕಾರದೊಡನೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ಮಾಡುವ ಹಕ್ಕನ್ನಿತ್ತಿತು. 1970ರ ಜನವರಿ 1ರಿಂದ ಗೇಣಿ ಪದ್ಧತಿಯೇ ಕೊನೆಗೊಂಡು ಉಳುವವನು ಒಡೆಯನಾಗುವ ದಾರಿ ತೆರೆಯಿತು. ಕಚೇರಿಯ ಭಾಷೆ ಬದಲಾಯಿತು, ಒಡೆತನ ಬದಲಾಯಿತು. ಹಳೆಯ ಕಾಗದದ ಭಾಷೆ ಮಾತ್ರ ಬದಲಾಗಲಿಲ್ಲ.

ಈ ಕಾಗದಗಳು ಈಗ ಎಲ್ಲಿವೆ? ನಮ್ಮ ನಿಮ್ಮ ಮನೆಗಳ ಅಟ್ಟದ ಮೇಲೆ, ಮರದ ಪೆಟ್ಟಿಗೆಗಳಲ್ಲಿ. ನಮ್ಮನ್ನು ಇಲ್ಲಿಗೆ ಸೆಳೆದ ಹವೆಯೇ ಅವುಗಳಿಗೆ ಶತ್ರು. ವರ್ಷಕ್ಕೆ 3000 ಮಿ.ಮೀ. ಮೀರಿ ಮಳೆ ಸುರಿಯುವ ಈ ನೆಲದಲ್ಲಿ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ, ಗೆದ್ದಲು ಹತ್ತುತ್ತದೆ. ನಮ್ಮ ಮನೆಯ ಒಂದು ಮೂಲಗೇಣಿ ಚೀಟಿಯ ಮಡಿಕೆಗಳು ಸವೆದು, ಗಡಿ ಹೇಳುವ ಸಾಲುಗಳೇ ಹೋಗಿವೆ. ಉಳಿದ ಸಾಲುಗಳನ್ನು ಓದಲು ನನ್ನ ಮೊಮ್ಮಗನಿಗೆ ಬರುವುದಿಲ್ಲ. ಅಚ್ಚಿನ ಕನ್ನಡ ಬಲ್ಲ ಹುಡುಗನೂ ಶಾನುಭೋಗರ ಕೂಡಕ್ಷರದ ಮುಂದೆ ಸೋಲುತ್ತಾನೆ.

ಮಲಯಾಳ ಓದುವ ಗೆಳೆಯರಿಗೂ ಇಲ್ಲಿ ಒಂದು ಮಾತು. ಇದನ್ನು ಕನ್ನಡಿಗರ ಗೋಳೆಂದು ಬದಿಗಿಡಬೇಡಿ. ನಿಮ್ಮ ತರವಾಡಿನ ಆಧಾರವೂ 1956ಕ್ಕಿಂತ ಹಳೆಯದಾದರೆ ಬಹುಮಟ್ಟಿಗೆ ಕನ್ನಡದಲ್ಲೇ ಇರುತ್ತದೆ. ನಿಮ್ಮ ಅಜ್ಜನ ಹಿತ್ತಿಲಿನ ಮೂಡಣ ಗಡಿ ಯಾವುದೆಂದು ತಿಳಿಯಲು ನೆರೆಯ ಕನ್ನಡದ ಮುದುಕನನ್ನೇ ಕರೆಯಬೇಕಾದೀತು. ಅವನು ಹೋದ ಮೇಲೆ ಯಾರನ್ನು ಕರೆಯುವುದು?

ನಿವೃತ್ತರಾದ ನಾವು ಮಾಡಬಹುದಾದ ಕೆಲಸ ಇದೇ. ಬೇಸಗೆಯಲ್ಲಿ ಪೆಟ್ಟಿಗೆ ಇಳಿಸೋಣ. ಕಾಗದಗಳನ್ನು ನೆರಳಿನಲ್ಲಿ ಆರಿಸಿ, ಚಿತ್ರ ತೆಗೆದಿಟ್ಟು, ಒಂದೊಂದನ್ನೂ ದುಂಡಕ್ಷರದಲ್ಲಿ ನಕಲು ಮಾಡೋಣ. ಇಸವಿ, ಜಾಗದ ಹೆಸರು, ಗಡಿಗುರುತು, ಗೇಣಿಯ ಮೊತ್ತ ಇವಿಷ್ಟನ್ನು ಕನ್ನಡ, ಮಲಯಾಳ ಎರಡರಲ್ಲೂ ಬರೆದಿಡೋಣ. ಪಕ್ಕದಲ್ಲಿ ಒಬ್ಬ ಮೊಮ್ಮಗುವನ್ನು ಕೂರಿಸಿಕೊಂಡರೆ ಅಕ್ಷರವೂ ದಾಟುತ್ತದೆ. ಪಿಂಚಣಿ ನಮ್ಮ ಕಾಲಕ್ಕೇ ಮುಗಿಯುತ್ತದೆ. ಈ ಅಕ್ಷರಕ್ಕಾದರೂ ವಾರಸುದಾರರಿರಲಿ.