ಬೆಳತೂರು ಶಾಸನ

ಬೆಳತೂರು ಶಾಸನವು ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ಸೀಮೆಯಲ್ಲಿ ದೊರೆತ ಹಳಗನ್ನಡ ಸ್ಮಾರಕ ಶಾಸನ. ದೇಕಬ್ಬೆ ಎಂಬ ಹೆಣ್ಣುಮಗಳ ನೆನಪಿಗೆ ಇದನ್ನು ನಿಲ್ಲಿಸಲಾಯಿತು. ಕಾಲ ಶಕವರ್ಷ 979, ಎಂದರೆ ಕ್ರಿ.ಶ. 1057. ಈ ಸೀಮೆಯನ್ನು ಹಿಂದೆ ಆಳಿದ ಗಂಗರ ರಾಜಧಾನಿ ತಲಕಾಡು ಹನ್ನೊಂದನೆಯ ಶತಮಾನದ ಆರಂಭದಲ್ಲೇ ಚೋಳರ ಕೈಸೇರಿತ್ತು. ಶಾಸನ ಹುಟ್ಟಿದಾಗ ಆಳುತ್ತಿದ್ದವನು ಇಮ್ಮಡಿ ರಾಜೇಂದ್ರ ಚೋಳ.

ದೇಕಬ್ಬೆ ನುಗುನಾಡಿನ ಒಡೆಯ ರವಿಗನ ಮಗಳು. ಕಪಿಲೆಯನ್ನು ಸೇರುವ ನುಗು ಹೊಳೆಯ ಹೆಸರೇ ಆ ನಾಡಿನ ಹೆಸರು. ಅವಳನ್ನು ನವಲೆನಾಡಿನ ಏಚನಿಗೆ ಕೊಟ್ಟಿದ್ದರು. ಏಚ ಮಲ್ಲಯುದ್ಧದಲ್ಲಿ ಗಟ್ಟಿಗ. ಅಂಥ ಒಂದು ಕಾಳಗದಲ್ಲಿ ಎದುರಾಳಿ ಅವನ ಕೈಯಿಂದ ಸತ್ತ. ಅದಕ್ಕಾಗಿ ಏಚನನ್ನು ತಲಕಾಡಿನಲ್ಲಿ ಅರಸನ ಆಜ್ಞೆಯಂತೆ ಕೊಲ್ಲಲಾಯಿತು. ಸುದ್ದಿ ತಿಳಿದ ದೇಕಬ್ಬೆ ಕಿಚ್ಚು ಹೊಗಲು ನಿಶ್ಚಯಿಸಿದಳು. ಹೆತ್ತವರೂ ನೆಂಟರೂ ತಡೆದರು. ಅವಳು ಒಪ್ಪಲಿಲ್ಲ, ಭೂಮಿಯನ್ನೂ ಒಡವೆವಸ್ತುಗಳನ್ನೂ ದಾನಮಾಡಿ ಬೆಂಕಿಗೆ ನಡೆದಳು.

ಹೀಗೆ ಗಂಡನ ಹಿಂದೆ ಕಿಚ್ಚು ಹೊಕ್ಕವರ ನೆನಪಿಗೆ ನಿಲ್ಲಿಸಿದ ಮಾಸ್ತಿಕಲ್ಲುಗಳು ಕನ್ನಡನಾಡಿನ ಹಲವು ಊರುಗಳಲ್ಲಿವೆ. ಕಂಬದಿಂದ ಚಾಚಿ ಮೊಣಕೈಯಲ್ಲಿ ಮಡಿಸಿ ಮೇಲೆತ್ತಿದ, ಬಳೆ ತೊಟ್ಟ ತೋಳು ಅವುಗಳ ಗುರುತು. ಬಹುಪಾಲು ಕಲ್ಲುಗಳಲ್ಲಿ ಬರಹವೇ ಇಲ್ಲ. ಇದ್ದರೂ ಒಂದೆರಡು ಸಾಲು, ಹಲವೆಡೆ ಹೆಂಗಸಿನ ಹೆಸರೂ ಇಲ್ಲ. ಬೆಳತೂರಿನ ಕಲ್ಲು ಬೇರೆಯಾಗುವುದು ಇಲ್ಲಿ. ಇದರಲ್ಲಿ ದೇಕಬ್ಬೆಗೆ ಹೆಸರಿದೆ, ತವರಿದೆ, ಮಾತಿದೆ. ಪದ್ಯಗಳನ್ನು ಕಟ್ಟಿದವನು ಮಲ್ಲನೆಂಬ ಕವಿ. ಶಾಸನಕವಿಗಳು ಸಾಮಾನ್ಯವಾಗಿ ಹಾಡುವುದು ಅರಸರ ಬಿರುದನ್ನು. ಮಲ್ಲ ಒಂದು ಮನೆಯೊಳಗಿನ ಅಳಲನ್ನು, ಮಗಳನ್ನು ಉಳಿಸಿಕೊಳ್ಳಲು ಹೆತ್ತವರು ಪಟ್ಟ ಪಾಡನ್ನು ಬರೆದ. ಕಲ್ಲು ನಿಲ್ಲಿಸಿದವನು, ಅವಳನ್ನು ತಡೆಯಲಾರದೆ ಹೋದ ತಂದೆ ರವಿಗನೇ. ಸಹಗಮನವನ್ನು ಕಾಲವೇ ಹೊಗಳುತ್ತಿದ್ದಾಗಲೂ ಅದಕ್ಕೆ ಬಲಿಯಾದವಳ ಮನೆಯವರಿಗೆ ಅದು ಬೇಕಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಸಿಗುವುದು ಕಷ್ಟ. ಈ ಪದ್ಧತಿಯನ್ನು ಬ್ರಿಟಿಷ್ ಆಡಳಿತ ಬಂಗಾಳದಲ್ಲಿ ನಿಷೇಧಿಸಿದ್ದು 1829ರಲ್ಲಿ; ಅದನ್ನು ವೈಭವೀಕರಿಸುವುದೂ ಅಪರಾಧವೆಂದು ಭಾರತದ ಕಾಯಿದೆ ಸಾರಿದ್ದು 1987ರಲ್ಲಿ.

ಶಾಸನವನ್ನು ಶಾಸನತಜ್ಞ ಬಿ. ಎಲ್. ರೈಸ್ ‘ಎಪಿಗ್ರಾಫಿಯ ಕರ್ನಾಟಿಕ’ ಎಂಬ ಶಾಸನಸಂಗ್ರಹದ ನಾಲ್ಕನೆಯ ಸಂಪುಟದಲ್ಲಿ, ಹೆಗ್ಗಡದೇವನಕೋಟೆಯ 18ನೆಯ ಶಾಸನವಾಗಿ ಪ್ರಕಟಿಸಿದರು. ಕನ್ನಡ ಸಾಹಿತ್ಯಚರಿತ್ರೆಯಲ್ಲಿ ಇದು ಇಂದಿಗೂ ಶಾಸನಕಾವ್ಯವೆಂದೇ ಓದಲ್ಪಡುತ್ತಿದೆ.